ಮರದ ಪಾಲಿನ ನೀರು

ಅಂಗಳದಲ್ಲಿ ನೆಟ್ಟ ಕಡ್ಡಿಗೆ ನೆರಳಿರಲಿಲ್ಲ. ಪಾಲಿ ಕಲಿಸುವ ಗುರುವೆಂದು ಊರೆಲ್ಲ ಸಯಾಜಿ ಎನ್ನುವ ಊ ಮ್ಯಾಟ್ ಸಾನ್ ಅದನ್ನು ಪೂರ್ವದಿಂದ ನೋಡಿದರು. ಪಶ್ಚಿಮಕ್ಕೆ ಸರಿದು ನೋಡಿದರು. ಕೊನೆಗೆ ಲುಂಗಿಯನ್ನು ಮೊಣಕಾಲಿನ ಮೇಲಕ್ಕೆತ್ತಿ ಕುಕ್ಕರುಗಾಲಲ್ಲಿ ಕುಳಿತು, ಕಡ್ಡಿಯ ಬುಡದಲ್ಲಿ ಒಂದು ಇರುವೆ ಏನನ್ನೋ ಹೊತ್ತು ಅವಸರದಿಂದ ಸಾಗುತ್ತಿರುವುದನ್ನೂ ಅದಕ್ಕೂ ನೆರಳಿಲ್ಲದಿರುವುದನ್ನೂ ಗಮನಿಸಿದರು. ಉಪೋಸಥವೆಂಬ ವ್ರತದ ದಿನಗಳಲ್ಲಿ ಅವರು ಮಧ್ಯಾಹ್ನವನ್ನು ಗಡಿಯಾರದಿಂದ ಅಳೆಯುವವರಲ್ಲ. ಗಡಿಯಾರದ ಹನ್ನೆರಡು ಸರ್ಕಾರ ಗೊತ್ತುಮಾಡಿದ ಹನ್ನೆರಡು. ಅಷ್ಟಶೀಲದ ಎಂಟು ನಿಯಮ ತೊಟ್ಟವರು ಅನ್ನದಿಂದ ಕೈ ಹಿಂತೆಗೆಯಬೇಕಾದದ್ದು ಸೂರ್ಯನು ನೆತ್ತಿ ದಾಟಿದಾಗ, ಸರ್ಕಾರ ದಾಟಿದಾಗಲ್ಲ. ಕಡ್ಡಿಯ ನೆರಳು ನೆಲದ ಮೇಲೆ ಕೊರೆದ ಗೆರೆಯನ್ನು ಬಿಟ್ಟು ಪೂರ್ವಕ್ಕೆ ಒಂದು ಭತ್ತದ ಕಾಳಿನಷ್ಟು ವಾಲಿತೆಂದರೆ ಊಟ ಮುಗಿಯಿತು. ಮರುದಿನದ ಅರುಣೋದಯದವರೆಗೆ ನೀರು, ಸೋಸಿದ ಹಣ್ಣಿನ ರಸ, ಅಷ್ಟೆ. ಈ ಏರ್ಪಾಟಿನಲ್ಲಿದ್ದ ದೋಷ ಒಂದೇ. ಕಸೋನ್ ತಿಂಗಳ ಹುಣ್ಣಿಮೆಯ, ಅಂದರೆ ಬುದ್ಧಪೂರ್ಣಿಮೆಯ, ಆಸುಪಾಸಿನಲ್ಲಿ ಸೂರ್ಯನು ಬರ್ಮಾದ ಪಕೋಕ್ಕು ಊರಿನ ನಡುನೆತ್ತಿಗೇ ಬಂದು ನಿಲ್ಲುತ್ತಿದ್ದುದರಿಂದ, ವರ್ಷದ ಅತ್ಯಂತ ಪವಿತ್ರವಾದ ದಿನದಂದೇ ಕಡ್ಡಿ ಏನನ್ನೂ ಹೇಳುತ್ತಿರಲಿಲ್ಲ.

“ಆಯ್ತೋ, ಇನ್ನೂ ಇದೆಯೋ?” ಎಂದು ಒಳಗಿನಿಂದ ಅವರ ಹೆಂಡತಿ ಡೋ ಸೇನ್ ಯಿ ಕೇಳಿದಳು. ಆಕೆ ಗಿಡ್ಡ ಮೇಜಿನ ಮುಂದೆ ಕುಳಿತು, ಅನ್ನದ ಮೇಲೆ ಬೆರಳಿಟ್ಟು, ಗಂಡನ ತೀರ್ಪಿಗೆ ಕಾಯುತ್ತಿದ್ದಳು. ವಿಹಾರದ ಭಿಕ್ಷುಗಳ ಊಟಕ್ಕೆಂದು ಬೆಳಕು ಹರಿಯುವ ಮೊದಲೇ ಒಲೆಯ ಮುಂದೆ ಕುಳಿತವಳು, ಅಲ್ಲಿಗೆ ಅಡುಗೆ ಮುಟ್ಟಿಸಿ ಬಂದು ಈಗಷ್ಟೇ ತನ್ನ ತಟ್ಟೆ ಹಾಕಿಕೊಂಡಿದ್ದಳು.

“ಹೇಳೋಕಾಗ್ತಿಲ್ಲ,” ಎಂದರು ಸಯಾಜಿ.

“ದೊಡ್ಡಪ್ಪಾ, ನನ್ನ ಫೋನಲ್ಲಿ ಇನ್ನೂ ಹನ್ನೆರಡೇ ಹೊಡೆದಿಲ್ಲ.” ಡೋ ಸೇನ್ ಯಿಯ ತಂಗಿಯ ಮಗಳು, ಇವರ ಮನೆಯಲ್ಲೇ ಇದ್ದು ಪೇಟೆಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವ ಮಾ ನ್ವೇ, ಬಾಗಿಲಿಗೆ ಬಂದು ನಿಂತಿದ್ದಳು. “ದೊಡ್ಡಮ್ಮ ಬೆಳಗ್ಗೆಯಿಂದ ಚಹಾ ಬಿಟ್ರೆ ಏನೂ ಬಾಯಿಗೆ ಹಾಕಿಲ್ಲ. ಬೇಗಬೇಗ ನಾಲ್ಕು ತುತ್ತು ತಿಂದ್ಬಿಡ್ಲಿ.”

“ನಿನ್ನ ಫೋನು ಯಾವ ಗುರುಗಳ ಹತ್ರ ಕಲ್ತಿದೆ?”

“ನಿಮ್ಮ ಕಡ್ಡಿ ಯಾವ ಗುರುಗಳ ಹತ್ರ ಕಲ್ತಿತ್ತು?”

“ಸಂಶಯ ಬಂದಾಗ ಬಿಡೋದೇ ಲೇಸು,” ಎಂದರು ಸಯಾಜಿ, ಕಡ್ಡಿಯ ಕಡೆಗೇ ನೋಡುತ್ತ. ಒಳಗೆ ತಟ್ಟೆ ಸರಿದ ಸದ್ದಾಯಿತು. ಬೆರಳು ತೊಳೆದ ಸದ್ದಾಯಿತು.

ಆ ಸದ್ದು ಅವರಿಗೆ ಹಿತವೆನಿಸಿತು. ಹಿತವೆನಿಸಿದ್ದನ್ನು ಅವರು ಗಮನಿಸಿದರು, ಮತ್ತು ಜೀವಮಾನವೆಲ್ಲ ಪಾಲಿ ಕಲಿಸಿದವನ ಅಭ್ಯಾಸದಂತೆ ಆ ಹಿತವು ಕುಶಲವೆಂಬ ಒಳ್ಳೆಯ ಚಿತ್ತದ್ದೋ ಅಕುಶಲವೆಂಬ ಕೆಟ್ಟ ಚಿತ್ತದ್ದೋ ಎಂದು ವಿಂಗಡಿಸಲು ಹೊರಟು, ಬಿಸಿಲು ನೆತ್ತಿ ಸುಡುತ್ತಿದ್ದುದರಿಂದ ಆ ಕೆಲಸವನ್ನು ಜಗಲಿಗೆ ಮುಂದೂಡಿದರು. ಮದುವೆಯಾದ ಹೊಸದರಲ್ಲಿ ಹೀಗೆಯೇ ಒಂದು ಉಪೋಸಥದ ದಿನ, ತುತ್ತು ತಟ್ಟೆಗೂ ಬಾಯಿಗೂ ನಡುವೆ ಇದ್ದಾಗ ನೆರಳು ಗೆರೆ ದಾಟಿತ್ತು. ಅವರು ಏನೂ ಹೇಳಿರಲಿಲ್ಲ. ಕಡ್ಡಿಯ ಕಡೆ ಒಮ್ಮೆ ನೋಡಿದ್ದರು, ಅಷ್ಟೆ. ಆಕೆ ತುತ್ತನ್ನು ತಟ್ಟೆಗೆ ಇಳಿಸಿದ್ದಳು. ಆ ತುತ್ತು ಮುಂದೆ ದೊಡ್ಡ ಹೆಸರು ಮಾಡಿತು. ಪಾಠಶಾಲೆಯಲ್ಲಿ ಸಂಯಮದ ಪ್ರಸಂಗ ಬಂದಾಗಲೆಲ್ಲ ಅವರು ಅದನ್ನು ಉದಾಹರಿಸಿದರು, ಶಿಷ್ಯರು ಬರೆದುಕೊಂಡರು, ಆ ಶಿಷ್ಯರು ಬೇರೆ ಬೇರೆ ಊರುಗಳಲ್ಲಿ ಗುರುಗಳಾಗಿ ತಮ್ಮ ಶಿಷ್ಯರಿಗೂ ಹೇಳಿದರು. ಮಂಡಲೆಯಿಂದ ಬಂದ ಯಾರೋ ಒಬ್ಬರು ಒಮ್ಮೆ ಆಕೆಯ ಮುಂದೆ ಕೈಮುಗಿದು “ತುತ್ತು ಇಳಿಸಿದ ತಾಯಿ ನೀವೇನಾ?” ಎಂದು ಕೇಳಿದ್ದರು. ಅವರು ಹೋದ ಮೇಲೆ ಆಕೆ, “ಆವತ್ತು ನನಗೆ ಎಷ್ಟು ಹಸಿವಾಗಿತ್ತು ಅನ್ನೋದೂ ಪಾಠದಲ್ಲಿ ಬರತ್ತಾ?” ಎಂದು ವಿಚಾರಿಸಿದ್ದಳು. ಬರುತ್ತಿರಲಿಲ್ಲ.

ವಿದ್ಯುತ್ತು ಹೋಗಿ ಎರಡು ದಿನವಾಗಿತ್ತು. ಜಗಲಿಯಲ್ಲಿ ತಗಡಿನ ಮಾಡು ಟಕ್ ಟಕ್ ಎಂದು ಹಿಗ್ಗುತ್ತಿತ್ತು. ಗಾಳಿ ಬಂದರೆ ಒಲೆಯ ಬಾಯಿಂದ ಬಂದಂತೆ ಬರುತ್ತಿತ್ತು, ಆದ್ದರಿಂದ ಬರದಿರುವುದೇ ಒಳ್ಳೆಯದೆಂದು ಓಣಿಯವರು ಒಪ್ಪಿಕೊಂಡಿದ್ದರು. ಹಿಂದಿನ ದಿನ ನದಿಯ ದಂಡೆಯಲ್ಲಿ ಎರಡು ಎತ್ತು ಬಿದ್ದು ಸತ್ತಿದ್ದವು. ಬೋಧಿ ಮರಕ್ಕೆ ನೀರೆರೆಯುವ ಮೆರವಣಿಗೆ ಊರಲ್ಲಿ ಎಂದೂ ಸಂಜೆಯದು. ಆದರೆ ಈಚಿನ ವರ್ಷಗಳಲ್ಲಿ ಕತ್ತಲಾಗುವ ಮೊದಲೇ ಕರ್ಫ್ಯೂ ಎಂದು ರಸ್ತೆಗಳನ್ನು ಮುಚ್ಚುತ್ತಿದ್ದುದರಿಂದ, ಹಿಂದಿನ ಸಲ ಅದನ್ನು ಬೆಳಗಿಗೆ ತಂದಿದ್ದರು, ಈ ಸಲವೂ ಬೆಳಿಗ್ಗೆಯೇ ಆಗಲಿ ಎಂದು ಮೆರವಣಿಗೆ ಸಮಿತಿಯ ಕಾರ್ಯದರ್ಶಿ ಊ ಲೂನ್ ಪೆ ಸೂಚಿಸಿದ್ದರು. ಸಯಾಜಿ ಎದ್ದುನಿಂತು, ಮರಕ್ಕೆ ಬಾಯಾರುವುದು ಬೆಳಿಗ್ಗೆಯಲ್ಲ, ಸುಡುವ ಹೊತ್ತಿನಲ್ಲಿ; ಬಾಯಾರಿದವರಿಗೆ ಕೊಟ್ಟ ನೀರೇ ನೀರು; ಕೊಡುವವರ ಕಾಲು ಸ್ವಲ್ಪ ಸುಟ್ಟರೆ ಪುಣ್ಯವೇನೂ ಕರಗಿಹೋಗುವುದಿಲ್ಲ ಎಂದು ಹೇಳಿದ್ದರು. ಸಭೆ ಪುಣ್ಯದ ಮಾತಿಗೆ ಹೇಳುವ ರೂಢಿಯಂತೆ ಮೂರು ಸಲ ಸಾಧು ಎಂದಿತ್ತು. ಮೆರವಣಿಗೆ ಮಧ್ಯಾಹ್ನಕ್ಕೆ ಗೊತ್ತಾಗಿತ್ತು. ನಿಜವಾದ ಕಾರಣ ಮೀನಿನ ಸಾರು. ಕಳೆದ ವರ್ಷ ಬೆಳಗಿನ ಕಾರ್ಯಕ್ರಮದಲ್ಲಿ ಅವರ ಪ್ರವಚನ ತಿರುಳಿಗೆ ಬರುವ ಹೊತ್ತಿಗೆ ಪಕ್ಕದ ಚಪ್ಪರದಿಂದ ಸಾರಿನ ಘಮ ಬಂದಿತ್ತು. ಶ್ರೋತೃಗಳು ಒಬ್ಬೊಬ್ಬರಾಗಿ ಧರ್ಮದಿಂದ ಆ ಕಡೆಗೆ ಮುಖ ತಿರುಗಿಸಿದ್ದರು. ಊ ಲೂನ್ ಪೆ ಅವರ ಕೈಯಿಂದ ಮೈಕನ್ನು ಬಹಳ ಗೌರವದಿಂದ ಬಿಡಿಸಿಕೊಂಡು “ಬಟ್ಟಲು ತಂದಿಲ್ಲದವರು ಎಡಗಡೆಗೆ” ಎಂದು ಘೋಷಿಸಿದ್ದರು. ಮಧ್ಯಾಹ್ನವಾದ ಮೇಲೆ ಶೀಲ ತೊಟ್ಟವರಿಗೆ ಹೋಗಲು ಬೇರೆ ಎಡೆಯಿರುವುದಿಲ್ಲ.

ಈ ಸಲದ ವಿಷಯವನ್ನು ಅವರು ತಿಂಗಳಿಂದ ಬೆಳೆಸಿದ್ದರು. ದಾನವು ದಾನವಾಗುವುದು ಯಾವ ಕ್ಷಣದಲ್ಲಿ? ಕೊಡ ತುಂಬಿದಾಗಲೋ, ನೀರು ಬೇರಿಗೆ ಬಿದ್ದಾಗಲೋ, ‘ಇದು ಅವರದು’ ಎಂದು ಮನಸ್ಸು ನುಡಿದಾಗಲೋ? ಮೂರನೆಯದೇ ಸರಿ. ಮನಸ್ಸು ನುಡಿದ ಮೇಲೆ ಕೊಡ ಕೊಟ್ಟವನ ಕೈಯಲ್ಲಿದ್ದರೂ ನೀರು ಅವನದಲ್ಲ. ಅದರಿಂದ ಗುಟುಕು ಕುಡಿದವನು ಕೊಡದವನಿಗಿಂತ ಕೆಳಗೆ. ಈ ಕೊನೆಯ ವಾಕ್ಯದ ಲಯ ಅವರಿಗೆ ಬಹಳ ಹಿಡಿಸಿತ್ತು.

“ತಲೆ ಒಂಥರಾ ಇದೆ,” ಎಂದಳು ಡೋ ಸೇನ್ ಯಿ, ಮಣ್ಣಿನ ಕೊಡಗಳಿಗೆ ಮಲ್ಲಿಗೆ ಹಾಕುತ್ತ. “ಒಲೆ ಮುಂದೆ ಕೂತಿದ್ದಕ್ಕಿರ್ಬೇಕು.”

“ಮರದ ಹತ್ರ ನೆರಳಿರತ್ತೆ.”

“ಮರದ ತನಕ?”

“ನೀರಾದ್ರೂ ಕುಡೀರಿ ದೊಡ್ಡಮ್ಮ,” ಎಂದಳು ಮಾ ನ್ವೇ. “ಅದಕ್ಕೆ ಶಾಸ್ತ್ರ ಅಡ್ಡ ಬರಲ್ವಲ್ಲ.”

“ಶಾಸ್ತ್ರ ಬರಲ್ಲ ಕಣೇ, ಬಿ.ಪಿ. ಮಾತ್ರೆ ಬರತ್ತೆ. ಕುಡಿದ ಗಳಿಗೆಗೇ ಒಂದಕ್ಕೆ ಓಡಬೇಕು. ಮೆರವಣಿಗೇಲಿ ಗಂಡಸರಾದ್ರೆ ಯಾವ್ದೋ ಬೇಲಿ. ನಾನೇನು ಕೊಡ ಹೊತ್ಕೊಂಡು ಬೇಲಿ ಹುಡುಕ್ಲಾ?”

ಸಯಾಜಿಗೆ ಈ ಮಾತು ಪ್ರವಚನದ ದಿನಕ್ಕೆ ತಕ್ಕದ್ದಲ್ಲ ಎನ್ನಿಸಿತು. ಅವರು ಕೇಳಿಸಿಕೊಳ್ಳದವರಂತೆ ತಮ್ಮ ಕೊಡವನ್ನು ಎತ್ತಿಕೊಂಡರು.

ಡಾಮರು ಮೆತ್ತಗಾಗಿತ್ತು. ವಿಹಾರದಿಂದ ಬೋಧಿ ಮರವಿದ್ದ ನದಿಯ ಬದಿಯ ಪಗೋಡಕ್ಕೆ ದೂರ ಹೆಚ್ಚಿಲ್ಲ. ಆದರೆ ಮುಂದೆ ಧ್ವನಿವರ್ಧಕದ ಗಾಡಿ, ಅದರ ಹಿಂದೆ ಭಿಕ್ಷುಗಳು, ಅವರ ಹಿಂದೆ ಕಂದು ಶಾಲು ಹೊದ್ದ ಶೀಲಧಾರಿಗಳು, ಎಲ್ಲರೂ ಗಾಡಿಯ ನಡಿಗೆಗೆ ನಡೆಯಬೇಕಾದ್ದರಿಂದ ಅದು ಮುಗಿಯುವ ದಾರಿಯಂತಿರಲಿಲ್ಲ. ಐರಾವತಿ ನದಿ ಬತ್ತಿ ಮರಳಿನಾಚೆ ಒಂದು ಕುದಿಯುವ ಗೆರೆಯಾಗಿ ಉಳಿದಿತ್ತು. ದೂರದ ಪಗೋಡದ ಚಿನ್ನದ ತುದಿ ಗಾಳಿಯಲ್ಲಿ ಕರಗಿ, ಮತ್ತೆ ಹೆಪ್ಪುಗಟ್ಟಿ, ಮತ್ತೆ ಕರಗುತ್ತಿತ್ತು. ಸಯಾಜಿ ಮೊದಲ ವಾಕ್ಯದಿಂದ ಪ್ರವಚನವನ್ನು ಮನಸ್ಸಿನಲ್ಲಿ ನಡೆಸುತ್ತ ಬಂದರು. ಎರಡನೆಯ ವಿಕಲ್ಪದ ಖಂಡನೆಗೆ ಬರುವಾಗ ಪಕ್ಕಕ್ಕೆ ನೋಡಿದರು. ಹೆಂಡತಿಯ ರವಿಕೆ ಬೆನ್ನಿಗೆ ಅಂಟಿತ್ತು. ಮುಖ ಮೇಣದಂತೆ ಬಿಳಿಚಿ, ಒದ್ದೆಯಾಗಿ, ಹೊಳೆಯುತ್ತಿತ್ತು. ಕಣ್ಣು ಅರ್ಧ ಮುಚ್ಚಿ, ಕಾಲು ಎಲ್ಲಿ ಬೀಳುತ್ತದೆಂಬ ಚಿಂತೆಯಿಲ್ಲದೆ ಆಕೆ ನಡೆಯುತ್ತಿದ್ದಳು. ಅದನ್ನು ಅವರು ಪ್ರಸನ್ನತೆ ಎಂದು ಓದಿಕೊಂಡರು. ಇಷ್ಟು ವರ್ಷ ಜೊತೆಗೆ ಬಾಳಿದ ಮುಖವನ್ನು ತಪ್ಪಾಗಿ ಓದುವುದು ಸಾಧ್ಯವೆಂಬುದು ಅವರಿಗೆ ಹೊಳೆಯಲಿಲ್ಲ. ಓದುವುದೇ ಅವರ ವೃತ್ತಿಯಾಗಿತ್ತು. ಆಕೆಯ ಕೊಡ ಅಲುಗಾಡುತ್ತಿದೆ, ನೀರು ತುಳುಕಿದರೆ ಶಾಲು ಒದ್ದೆಯಾದೀತು ಎಂದು ಮಾತ್ರ ಎಣಿಸಿದರು.

ನೀರು ತುಳುಕಲಿಲ್ಲ. ಆಕೆ ನಿಂತಳು; ಏನನ್ನೋ ಮರೆತು ಬಂದವಳಂತೆ ಹಿಂದಕ್ಕೆ ನೋಡಿದಳು; ಮೊದಲು ಒಂದು ಮೊಣಕಾಲೂರಿ, ಆಮೇಲೆ ಇನ್ನೊಂದು ಊರಿ, ಕೊಡವನ್ನು ಎರಡೂ ಕೈಯಿಂದ ರಸ್ತೆಯ ಮೇಲೆ ನೆಟ್ಟಗೆ ಇಟ್ಟಳು. ಅದು ಕೂತಿತೆಂದು ಖಚಿತಪಡಿಸಿಕೊಂಡ ಮೇಲೆಯೇ ಪಕ್ಕಕ್ಕೆ ಒರಗಿದಳು.

ಗಾಡಿಯ ಮೇಲಿದ್ದ ಊ ಲೂನ್ ಪೆ ಇದನ್ನು ಹಿಂತಿರುಗಿ ಕಂಡರು. ಕಂಡದ್ದನ್ನೆಲ್ಲ ಘೋಷಿಸುವುದು ಅವರಿಗೆ ರೂಢಿ. “ಸಯಾಜಿಯವರ ಮನೆಯವರು ಬಿಸಿಲಿಗೆ ಬಿದ್ದಿದ್ದಾರೆ. ಬಿದ್ದರೂ ಒಂದು ತೊಟ್ಟು ನೀರು ಚೆಲ್ಲಿಲ್ಲ. ಎಂಥಾ ಶ್ರದ್ಧೆ! ಸಾಧು ಅನ್ನಿ!”

“ಸಾಧು, ಸಾಧು, ಸಾಧು,” ಎಂದಿತು ಮೆರವಣಿಗೆ.

ಜನ ಸುತ್ತುವರಿದರು. ಬಾಯಲ್ಲಿ ಹಲ್ಲಿಲ್ಲದ ಒಬ್ಬ ಮುದುಕಿ, “ಮೈಗೆ ನೀರು ಹಾಕ್ಬೇಡ್ರಪ್ಪಾ, ಬಿಸಿಲಿಂದ ಬಂದ ಮೈಗೆ ತಣ್ಣೀರು ಬಿದ್ರೆ ಉಷ್ಣ ಒಳಗೆ ನುಗ್ಗತ್ತೆ,” ಎಂದಳು. ಮೂರು ಚಕ್ರದ ಮೋಟಾರು ಗಾಡಿ ಓಡಿಸುವ ಕೋ ಪೌ, “ನೀ ಸುಮ್ನಿರಜ್ಜಿ, ಉಷ್ಣ ಒಳಗೇ ಇದೆ, ಇನ್ನೆಲ್ಲಿಗೆ ನುಗ್ಗತ್ತೆ?” ಎನ್ನುತ್ತ ದಾರಿಬದಿಯ ಧರ್ಮದ ಕುಡಿನೀರಿನ ಗಡಿಗೆಗಳತ್ತ ಓಡಿದ. ಗಡಿಗೆಗಳ ಮೇಲೆ ದಾನಿಯ ಹೆಸರಿತ್ತು. ಒಳಗೆ ಪಂಪು ನಡೆಯದೆ ಎರಡು ದಿನವಾದ ಒಣ ತಳವಿತ್ತು. ಅವನು ಮರಳಿ ಬಂದು ಸಾಲುಸಾಲು ಕೊಡಗಳನ್ನು ನೋಡಿದ.

“ಸಯಾಜಿ, ಇಷ್ಟೊಂದು ಕೊಡ ಇವೆಯಲ್ಲ. ಒಂದು ಸುರೀಲಾ?”

“ತಡಿಯೋ, ಅದು ಮರದ್ದು,” ಎಂದರು ಊ ಲೂನ್ ಪೆ, ಮೈಕನ್ನು ಬಾಯಿಂದ ಇಳಿಸದೆ. “ಸಯಾಜಿ ಇದ್ದಾರೆ. ಅವ್ರು ಹೇಳ್ಲಿ.”

ಊರಿಗೆ ಊರೇ ಅವರನ್ನು ನೋಡಿತು. ಕಳೆದ ವರ್ಷ ಸಾರಿನ ಕಡೆಗೆ ತಿರುಗಿದ್ದ ಮುಖಗಳೆಲ್ಲ ಈಗ ಅವರ ಕಡೆಗಿದ್ದವು. ಇಂಥ ಏಕಾಗ್ರತೆಯ ಸಭೆ ಅವರಿಗೆ ಎಂದೂ ದೊರೆತಿರಲಿಲ್ಲ. ಅವರು ಬಾಯಿ ತೆರೆದರು. ಸಂಕಲ್ಪವು ಮನೆಯಲ್ಲೇ ಆಗಿದೆ. ಆದ್ದರಿಂದ ನೀರು ಮರದ್ದು. ಆದರೆ ಮರವು ಸ್ವೀಕರಿಸಿಲ್ಲ. ಸ್ವೀಕಾರವಿಲ್ಲದ ದಾನವು ಪೂರ್ಣವೇ? ಹಳೆಯ ವ್ಯಾಖ್ಯಾನಕಾರರಲ್ಲಿ ಒಬ್ಬರು ಹೌದೆನ್ನುತ್ತಾರೆ, ಅವರಿಗೆ ಟೀಕೆ ಬರೆದವರು ಅಲ್ಲವೆನ್ನುತ್ತಾರೆ. ಆಪತ್ಕಾಲದಲ್ಲಿ ಭಿಕ್ಷುಸಂಘದ ವಸ್ತುವನ್ನು ರೋಗಿಗೆ ಬಳಸಬಹುದು, ಮರವು ಸಂಘವೇ? ನೆಲದ ಮೇಲೆ ಹೆಂಡತಿಯ ಕೈ ಬೆರಳು ಡಾಮರನ್ನು ಕೆರೆಯುತ್ತಿದ್ದುದು ಅವರಿಗೆ ಕಾಣುತ್ತಿತ್ತು. ಬೇಗ ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಬೇಗ, ಆದರೆ ತಪ್ಪಾಗಕೂಡದು. ಇಲ್ಲಿ ಹೇಳಿದ ಮಾತನ್ನು ಜನ ಬರೆದುಕೊಳ್ಳುತ್ತಾರೆ. ಸ್ವಂತ ಹೆಂಡತಿಗೆಂದು ಸಡಿಲಿಸಿದರು ಎಂದು ನಾಳೆ ಯಾರಾದರೂ—

ಹಿಂದಿನ ಸಾಲಿನಿಂದ ನುಗ್ಗಿ ಬಂದ ಮಾ ನ್ವೇ ತನ್ನ ಕೊಡವನ್ನು ದೊಡ್ಡಮ್ಮನ ತಲೆಯ ಮೇಲೆ ಬಗ್ಗಿಸಿದಳು. ಆಮೇಲೆ ದೊಡ್ಡಮ್ಮನ ಕೊಡವನ್ನೂ ಎತ್ತಿ ಕುತ್ತಿಗೆಗೆ, ಎದೆಗೆ, ತೋಳಿಗೆ ಸುರಿದಳು. ಮಲ್ಲಿಗೆ ಹೂಗಳು ಡೋ ಸೇನ್ ಯಿಯ ನರೆಗೂದಲಿಗೆ ಅಂಟಿಕೊಂಡವು.

“ಪಾಪ ಬಂದ್ರೆ ನಂಗೆ ಬರ್ಲಿ,” ಎಂದಳು ಮಾ ನ್ವೇ. “ದೊಡ್ಡಪ್ಪ, ನಿಮ್ಮ ತೀರ್ಮಾನ ಆದ್ಮೇಲೆ ಹೇಳಿ ಕಳ್ಸಿ. ಕೋ ಪೌ, ಗಾಡಿ ತಾ!”

ಗಾಡಿ ಮನೆಯ ಮುಂದೆ ನಿಂತಾಗ ಸಯಾಜಿ ತಮ್ಮ ಮಡಿಲಲ್ಲಿ ಏನೋ ಭಾರವಿದೆಯೆಂದು ನೋಡಿಕೊಂಡರು. ಅವರ ಕೊಡ. ಅದರಿಂದಲೂ ಒಂದು ತೊಟ್ಟು ಚೆಲ್ಲಿರಲಿಲ್ಲ. ಇಷ್ಟು ದಾರಿ, ಹೆಂಡತಿಯ ತಲೆ ಮಾ ನ್ವೇಯ ತೊಡೆಯ ಮೇಲೆ ಉರುಳಾಡುತ್ತಿದ್ದಾಗ, ಅವರು ಎರಡೂ ಕೈಯಿಂದ ಕೊಡವನ್ನು ಹಿಡಿದು ಕುಳಿತಿದ್ದರು. ಅದನ್ನು ಹೊಸಿಲ ಪಕ್ಕದಲ್ಲಿ ಇಟ್ಟರು. ಎಲ್ಲಿಡುವುದೆಂದು ಯಾರೂ ಅವರನ್ನು ಕೇಳಲಿಲ್ಲ.

ಓಣಿಯ ಡಾಕ್ಟರಮ್ಮ ಹಬ್ಬಕ್ಕೆಂದು ತವರಿಗೆ ಹೋಗಿದ್ದಳು. ಮಾ ನ್ವೇ ಆಕೆಗೆ ಫೋನು ಹಚ್ಚಿ ಸಯಾಜಿಯ ಕಿವಿಗಿಟ್ಟಳು. “ಸಯಾಜಿ, ಕೇಳಿಸ್ಕೊಳಿ. ನೆರಳಲ್ಲಿ ಮಲಗ್ಸಿ, ಕಾಲು ಎತ್ತರಕ್ಕಿಡಿ, ಒದ್ದೆ ಬಟ್ಟೆ ಹಾಕಿ ಬೀಸ್ತಾನೇ ಇರಿ. ಮಾತು ತಡವರಿಸಿದ್ರೆ, ಗುರುತು ತಪ್ಪಿದ್ರೆ, ಮೈ ಕೆಂಡ ಆದ್ರೆ ಒಂದು ಗಳಿಗೆ ಕಾಯ್ಬೇಡಿ, ನೇರ ದೊಡ್ಡಾಸ್ಪತ್ರೆಗೆ. ನೀರು ನಿಲ್ತಿದ್ಯಾ ಹೊಟ್ಟೇಲಿ?”

“ಇಲ್ಲ. ಎರಡು ಸಲ ವಾಂತಿ ಆಯ್ತು. ನಿಂಬೆರಸವೂ ನಿಲ್ಲಲಿಲ್ಲ.”

“ಖಾಲಿ ಹೊಟ್ಟೆಗೆ ಹುಳಿ ನಿಲ್ಲಲ್ಲ. ಬೆಲ್ಲ ಬೇಡ, ಅವರಿಗೆ ಸಕ್ಕರೆ ಕಾಯಿಲೆ. ಗಂಜಿ ತಿಳಿ ಕೊಡಿ, ಉಪ್ಪು ಹಾಕಿ, ಚಮಚ ಚಮಚ. ಒಂದಕ್ಕೆ ಹೋದ್ರೆ ಗೆದ್ದ ಹಾಗೆ. ಕತ್ತಲೆಗೆ ಮುಂಚೆ ಹೋಗ್ಲಿಲ್ಲ ಅಂದ್ರೆ ಕರ್ಕೊಂಡು ಹೊರಟುಬಿಡಿ, ಆಮೇಲೆ ರಸ್ತೇಲಿ ಬಿಡಲ್ಲ. ಕೇಳಿಸ್ತಾ?”

ಕೇಳಿಸಿತು. ಕೋ ಪೌ ಗಾಡಿಯನ್ನು ತಿರುಗಿಸಿ ಬೇಲಿಯ ಹೊರಗೆ ನಿಲ್ಲಿಸಿಕೊಂಡು ಕಾದ. ಡೋ ಸೇನ್ ಯಿ ಬಿದಿರಿನ ಮಂಚದ ಮೇಲೆ, ಒದ್ದೆ ಬಟ್ಟೆಯ ಅಡಿಯಲ್ಲಿ, ಮಾಡನ್ನು ನೋಡುತ್ತ ಮಲಗಿದ್ದಳು. ಕಾಲಿನ ಮೀನಖಂಡ ಆಗಾಗ ಸೆಟೆದುಕೊಂಡು, ಆಕೆ ಹಲ್ಲು ಕಚ್ಚುತ್ತಿದ್ದಳು. ಮಧ್ಯಾಹ್ನ ಸರಿಸಿಟ್ಟ ಅನ್ನದ ತಟ್ಟೆ ಮೇಜಿನ ಮೇಲೆ ಹಾಗೆಯೇ ಇತ್ತು. ಅನ್ನ ಒಣಗಿ ಕಾಳುಕಾಳಾಗಿತ್ತು.

“ನಾನ್ಯಾರು ಹೇಳು,” ಎಂದರು ಸಯಾಜಿ.

“ಗೊತ್ತಿಲ್ವಾ ನಿಮಗೆ?”

“ಡಾಕ್ಟರಮ್ಮ ಕೇಳೋಕೆ ಹೇಳಿದ್ಲು.”

“ಪಾಲಿ ಮೇಷ್ಟ್ರು.” ಆಕೆ ತುಟಿ ಒದ್ದೆ ಮಾಡಿಕೊಂಡಳು. “ಭಾಷಣ ಆಯ್ತಾ?”

“ಇಲ್ಲ. ಗಂಜಿ ಮಾಡ್ತೀನಿ. ಕುಡಿ.”

“ಮಧ್ಯಾಹ್ನ ದಾಟಿದೆ.”

“ಕಾಯಿಲೆಯವರಿಗೆ ಅಡ್ಡಿಯಿಲ್ಲ. ಶೀಲ ಅಂದ್ರೆ ನಾವೇ ತೊಟ್ಟಿದ್ದು. ಇಳಿಸಿಟ್ಟು, ಗುಣವಾದ ಮೇಲೆ ಮತ್ತೆ ತೊಡಬಹುದು. ಸಣ್ಣ ಹುಡುಗರಿಗೂ ಗೊತ್ತಿರೋ ವಿಷಯ.”

ಆಕೆ ಅವರನ್ನು ನೋಡಿದಳು. ಆ ನೋಟದಲ್ಲಿ ಅಕ್ಕರೆಯಿತ್ತು. ಅದೇ ಅವರನ್ನು ಕಂಗೆಡಿಸಿತು. “ನನಗೋಸ್ಕರ ಹೊಸ ಶಾಸ್ತ್ರ ಹುಟ್ಟಿಸ್ಬೇಡಿ ಸಯಾ. ಹಾಗಿದ್ದಿದ್ರೆ ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ ಹೇಳ್ತಿದ್ರಿ.”

ಹೇಳಿರಲಿಲ್ಲ. ಆಕೆ ಕೇಳಿರಲಿಲ್ಲ, ಕೇಳದ ಪ್ರಶ್ನೆಗೆ ಉತ್ತರ ಕೊಡುವುದು ಅಧ್ಯಾಪಕರ ಪದ್ಧತಿಯಲ್ಲ. ಮಲೇರಿಯಾದಿಂದ ನಡುಗುತ್ತ ಆಕೆ ಸಂಜೆಯೆಲ್ಲ ಬಿಸಿನೀರು ಕುಡಿದ ಉಪೋಸಥಗಳಿದ್ದವು. ಆಗ ಅವರು ಪಕ್ಕದ ಕೋಣೆಯಲ್ಲಿ, ರೋಗಿಗೆ ದೊರೆಯುವ ವಿನಾಯಿತಿಗಳ ಮೇಲೆಯೇ ಪರೀಕ್ಷೆಯ ಪ್ರಶ್ನೆ ತಯಾರಿಸುತ್ತಿದ್ದುದೂ ಇತ್ತು. ಆ ಪ್ರಶ್ನೆಗೆ ಒಳ್ಳೆಯ ಅಂಕ ಬರುತ್ತಿತ್ತು. ಈಗ ಅವರು ಹೇಳುತ್ತಿದ್ದುದು ಶುದ್ಧ ಶಾಸ್ತ್ರ, ಅಕ್ಷರಕ್ಷರಕ್ಕೂ ಹಳೆಯ ವ್ಯಾಖ್ಯಾನಕಾರರ ಸಮ್ಮತಿಯಿದ್ದದ್ದು. ಮತ್ತು ಜಗತ್ತಿನಲ್ಲಿ ಅವರನ್ನು ಎಂದೂ ಸಂಶಯಿಸದ ಒಬ್ಬಳೇ ಒಬ್ಬಳು ಅದನ್ನು ಗಂಡನ ಕರುಣೆಯ ಸುಳ್ಳೆಂದು ಕ್ಷಮಿಸುತ್ತಿದ್ದಳು. “ತುತ್ತು ಇಳಿಸಿದ ತಾಯಿ ಗಂಜಿ ಎತ್ತಿದ್ಲು ಅಂತ ಮಂಡಲೆಯವರು ಆಡ್ಕೋಬಾರ್ದು,” ಎಂದು ಹೇಳಿ ಆಕೆ ಕಣ್ಣು ಮುಚ್ಚಿದಳು. ತಮಾಷೆಯೋ ನಿಜವೋ ತಿಳಿಯಲಿಲ್ಲ.

“ಬಾಯಿ ಬಿಡಿಸಿ ಹಾಕೋಣ,” ಎಂದಳು ಮಾ ನ್ವೇ ಬೀಸಣಿಗೆ ನಿಲ್ಲಿಸದೆ.

“ಹಾಕಿದ್ರೆ ಉಗೀತೀನಿ,” ಎಂದಳು ಡೋ ಸೇನ್ ಯಿ, ಕಣ್ಣು ತೆರೆಯದೆ.

ಸಯಾಜಿ ಅಡುಗೆಮನೆಗೆ ಹೋದರು. ಒಲೆ ಹೊತ್ತಿಸುವುದನ್ನು ಅವರು ನೋಡಿದ್ದರು. ನೋಡಿದ್ದಕ್ಕೂ ಹೊತ್ತಿಸುವುದಕ್ಕೂ ನಡುವಿನ ಅಂತರದಲ್ಲಿ ಅರ್ಧ ಕಡ್ಡಿಪೆಟ್ಟಿಗೆ ಮುಗಿಯಿತು. ಹೊಗೆಗೆ ಕಣ್ಣಲ್ಲಿ ನೀರು ಬಂತು. ಹೊಗೆಯಿಂದಲೇ ಬಂತೆಂದು ಹೇಳಲು ಅಲ್ಲಿ ಕೇಳುವವರಿರಲಿಲ್ಲ. ಅಕ್ಕಿಯನ್ನು ಹಿಡಿಯಲ್ಲಿ ಅಳೆದು ಮಡಕೆಗೆ ಹಾಕಿ ಹಂಡೆಯ ಮುಚ್ಚಳ ತೆಗೆದರು. ಬಟ್ಟೆ ನೆನೆಸಲೆಂದು ಮಾ ನ್ವೇ ತೋಡಿ ತೋಡಿ ಒಯ್ದು, ತಳದಲ್ಲಿ ಕೆಸರು ಬಣ್ಣದ ಒಂದು ಚೊಂಬು ನೀರು ಉಳಿದಿತ್ತು. ಪಕ್ಕದ ಮನೆಯಲ್ಲಿ ಕೇಳಬಹುದಿತ್ತು, ಪಕ್ಕದವರು ಮೆರವಣಿಗೆಯಲ್ಲಿದ್ದರು. ಹೊಸಿಲ ಬಳಿ ಕೊಡವಿತ್ತು.

ಅವರು ಅದರ ಮುಂದೆ ಮಧ್ಯಾಹ್ನ ಕಡ್ಡಿಯ ಮುಂದೆ ಕುಳಿತಂತೆಯೇ ಕುಕ್ಕರುಗಾಲಲ್ಲಿ ಕುಳಿತರು. ಸೋಸಿ ಕಾಯಿಸಿ ಆರಿಸಿ ತುಂಬಿದ ನೀರು, ಆಕೆಯೇ ತುಂಬಿದ್ದು. ‘ಇದು ಮರದ್ದು’ ಎಂದು ಮನಸ್ಸು ನುಡಿದಾಗಿತ್ತು. ಆ ಮನಸ್ಸು ಅವರದೇ. ಗುಟುಕು ಕುಡಿದವನು ಕೊಡದವನಿಗಿಂತ ಕೆಳಗೆ. ವಾಕ್ಯದ ಲಯ ಈಗಲೂ ಚೆನ್ನಾಗಿತ್ತು. ಅವರು ಎರಡು ಮಲ್ಲಿಗೆ ಹೂಗಳನ್ನು ತೆಗೆದು ಹಾಕಿ, ಮೂರನೆಯದನ್ನು ಹಿಡಿಯಲು ಹೋಗಿ ಅದು ಬೆರಳಿಗೆ ಸಿಗದೆ ಜಾರುತ್ತಿದ್ದುದರಿಂದ ಬಿಟ್ಟು, ಕೊಡವನ್ನು ಮಡಕೆಗೆ ಬಗ್ಗಿಸಿದರು. ಏನೂ ಆಗಲಿಲ್ಲ. ನೀರು ನೀರಿನಂತೆ ಬಿತ್ತು.

ಅಕ್ಕಿ ಬೇಯಲು ಎಷ್ಟು ಹೊತ್ತು ಹಿಡಿಯುತ್ತದೆಂಬುದು ಅವರು ಓದಿದ ಯಾವ ವ್ಯಾಖ್ಯಾನದಲ್ಲೂ ಇರಲಿಲ್ಲ. ಬೇಲಿಯಾಚೆ ಕೋ ಪೌ ಒಮ್ಮೆ ಕೆಮ್ಮಿದ, ಒಮ್ಮೆ ಎಂಜಿನು ಚಾಲೂ ಮಾಡಿ ನಿಲ್ಲಿಸಿದ. “ಸಯಾಜಿ, ಬಿಸಿಲು ಇಳೀತಾ ಇದೆ. ಹೊರಡೋದಾದ್ರೆ ಈಗ್ಲೇ ಹೇಳಿ,” ಎಂದು ಕೂಗಿದ. ಅಂಗಳದ ಕಡ್ಡಿಗೆ ಈಗ ನೆರಳು ಬಂದಿತ್ತು. ಅದು ಉದ್ದವಾಗಿ, ನಿಸ್ಸಂದೇಹವಾಗಿ, ಪೂರ್ವಕ್ಕೆ ಮಲಗಿ ಬತ್ತಿದ ಬಾವಿಯ ಕಟ್ಟೆಯವರೆಗೂ ಹೋಗಿತ್ತು. ಇದಕ್ಕಿಂತ ಸ್ಪಷ್ಟವಾದ ಅಪರಾಹ್ಣವನ್ನು ಅವರು ಕಂಡಿರಲಿಲ್ಲ.

ತಿಳಿಯನ್ನು ಬಸಿದು, ಉಪ್ಪು ಹಾಕಿ, ಬಟ್ಟಲಿಂದ ಬಟ್ಟಲಿಗೆ ಸುರಿದು ಆರಿಸಿ ಮಂಚದ ಬಳಿಗೆ ತಂದರು. ಆಕೆ ಮುಖವನ್ನು ಗೋಡೆಗೆ ತಿರುಗಿಸಿದ್ದಳು.

“ಸೇನ್ ಯಿ, ಈ ಕಡೆ ನೋಡು.”

“ನೋಡಿದ್ರೆ ಕುಡಿ ಅಂತೀರಿ.”

“ಅನ್ನಲ್ಲ. ಸುಮ್ನೆ ನೋಡು.”

ಆಕೆ ನೋಡಿದಳು. ಸಯಾಜಿ ಕಂದು ಶಾಲನ್ನು ಭುಜದಿಂದ ತೆಗೆದು ಮಡಿಸಿ ಮಂಚದ ತುದಿಯಲ್ಲಿಟ್ಟರು. ಬಟ್ಟಲಿನ ತಳದಿಂದ ಒಂದು ಚಮಚ ಎತ್ತಿದರು. ತಿಳಿಯಷ್ಟೇ ಅಲ್ಲ, ಬೆಂದ ಅಗುಳೂ ಅದರಲ್ಲಿದ್ದವು, ವಾದಕ್ಕೆ ಎಡೆಯಿಲ್ಲದಷ್ಟು ಅನ್ನ. ಬಟ್ಟಲಿಗೂ ಬಾಯಿಗೂ ನಡುವೆ ಚಮಚ ಒಂದು ಕ್ಷಣ ನಿಂತಿತು, ಹೆಂಡತಿ ಅದನ್ನೇ ದಿಟ್ಟಿಸುತ್ತಿದ್ದಳು. ಅವರು ಅದನ್ನು ಬಾಯಿಗಿಟ್ಟು, ನಿಧಾನವಾಗಿ ಅಗಿದು, ನುಂಗಿದರು. ಉಪ್ಪು ಹೆಚ್ಚಾಗಿತ್ತು. ಎಲ್ಲೋ ಮಲ್ಲಿಗೆಯ ರುಚಿಯಿತ್ತು. ತಾವೂ ಬೆಳಿಗ್ಗೆಯಿಂದ ಉಂಡಿಲ್ಲವೆಂಬುದು ಹೊಟ್ಟೆಗೆ ಆಗ ನೆನಪಾಗಿ, ಅವರು ಯಾವ ಸಿದ್ಧಾಂತವನ್ನೂ ಸಾಧಿಸಬೇಕಾಗಿಲ್ಲದೆಯೇ ಎರಡನೆಯ ಚಮಚವನ್ನೂ ಎತ್ತಿದರು.

ಮಾ ನ್ವೇಯ ಬೀಸಣಿಗೆ ನಿಂತಿತ್ತು.

“ಒಂದು ಸಾಕಿತ್ತು,” ಎಂದಳು ಡೋ ಸೇನ್ ಯಿ.

“ಹಸಿವಾಗಿತ್ತು.”

ಆಕೆ ಇದನ್ನು ಯೋಚಿಸಿದಳು. “ನಿಮ್ಮದಂತೂ ಹೋಯ್ತು,” ಎಂದಳು.

“ಹೋಯ್ತು.”

“ಇನ್ನು ನನ್ನದೊಂದನ್ನ ಇಟ್ಕೊಂಡು ನಾನೇನು ಮಾಡ್ಲಿ? ಮುಂದಿನ ಜನ್ಮದಲ್ಲಿ ನಾನು ಎಲ್ಲೋ, ನೀವು ಎಲ್ಲೋ. ಕೊಡಿ ಈ ಕಡೆ.”

ಮೊದಲ ಚಮಚ ನಿಂತಿತು. ಎರಡನೆಯದು ನಿಂತಿತು. ಮೂರನೆಯದಕ್ಕೆ ಆಕೆ ಹುಬ್ಬು ಗಂಟಿಕ್ಕಿದಳು. “ಹೂವಿನ ವಾಸನೆ ಬರ್ತಿದೆ. ಯಾವ ನೀರಿದು?”

ಸಯಾಜಿ ಚಮಚವನ್ನು ನೋಡುತ್ತ, “ಮರದ್ದು,” ಎಂದರು.

“ಅಯ್ಯೋ. ಮರಕ್ಕೆ?”

“ನಾಳೆ ಬೆಳಿಗ್ಗೆ ಹಾಕ್ತೀನಿ. ತಂಪು ಹೊತ್ತಲ್ಲಿ.”

“ಮರಕ್ಕೆ ಬಾಯಾರೋದು ಮಧ್ಯಾಹ್ನ ಅಂತ ಸಮಿತೀಲಿ ಯಾರೋ ಹೇಳಿದ್ರಂತೆ,” ಎಂದಳು ಆಕೆ, ಮತ್ತು ಬಾಯಿ ತೆರೆದಳು.

ಬಟ್ಟಲು ಮುಗಿಯಿತು, ಎರಡನೆಯದು ಅರ್ಧವಾಯಿತು. ಬೆಳಕು ಬಾಗಿಲಿಂದ ಹಿಂದೆ ಸರಿಯುತ್ತಿತ್ತು. ಹೊರಗೆ ಕೋ ಪೌ ಮತ್ತೆ ಎಂಜಿನು ಚಾಲೂ ಮಾಡಿದ, ಈ ಸಲ ನಿಲ್ಲಿಸಲಿಲ್ಲ. ಮಾ ನ್ವೇ ಎದ್ದು ದೊಡ್ಡಮ್ಮನ ಬಟ್ಟೆಬರೆಯನ್ನು ಚೀಲಕ್ಕೆ ತುಂಬತೊಡಗಿದಳು. ಸಯಾಜಿ ಒದ್ದೆ ಬಟ್ಟೆಯ ಮೇಲಿಂದ ಹೆಂಡತಿಯ ಕೈ ಹಿಡಿದು, ಯಾವ ಪಾಲಿ ಮಾತೂ ನೆನಪಿಗೆ ಬಾರದೆ, ಆ ಕೈ ತಮ್ಮ ಕೈಗಿಂತ ಚಿಕ್ಕದೆಂಬ ವಿಷಯದಲ್ಲೇ ನಿಂತುಬಿಟ್ಟರು.

“ಎಬ್ಸಿ ನನ್ನ,” ಎಂದಳು ಡೋ ಸೇನ್ ಯಿ.

“ಏನಾಯ್ತು? ಗುರುತು ಸಿಗ್ತಿದೆಯಾ? ನಾನ್ಯಾರು?”

“ಅಯ್ಯೋ ರಾಮಾಯಣ ಬೇಡ, ಎಬ್ಸಿ ಅಂದ್ರೆ. ಒಂದಕ್ಕೆ ಹೋಗ್ಬೇಕು.”

ಸಯಾಜಿ ಊ ಮ್ಯಾಟ್ ಸಾನ್ ಎರಡೂ ಕೈ ಜೋಡಿಸಿದರು. “ಸಾಧು,” ಎಂದರು. “ಸಾಧು,” ಎಂದರು ಮತ್ತೆ, ಅಂಗಳಕ್ಕೆ ಕೇಳಿಸುವಷ್ಟು ಗಟ್ಟಿಯಾಗಿ. ಮತ್ತು ಬೇಲಿಯಾಚೆ ಕೋ ಪೌ, ಒಳಗೆ ಏನು ಪುಣ್ಯ ನಡೆಯಿತೆಂದು ತಿಳಿಯದೆಯೇ, ಎಂಜಿನು ನಿಲ್ಲಿಸಿ, ರೂಢಿಯಂತೆ ಮೂರನೆಯದನ್ನು ತಾನು ಹೇಳಿದ.